ಮೊದಲು ಅಲುಗಿದ್ದು ಯಾವುದು?

ಡಾಕ್ಟರು ಕೇಳಿದ್ದು ನನ್ನನ್ನು, ಬಿದ್ದವನನ್ನಲ್ಲ.
ಬಿದ್ದವನಿಗೇನು ಗೊತ್ತು,
ಅವನು ಆಗ ಅಲ್ಲಿರಲೇ ಇಲ್ಲ.

ಎಡಗೈ ಹೆಬ್ಬೆರಳು, ಅಂದೆ.
ಅನ್ನದ ತಟ್ಟೆಯಂಚಿಗೆ ಟಕಟಕ ಬಡಿಯಿತು,
ಯಾವುದೋ ಹಾಡಿನ ತಾಳವೆಂದು ನಕ್ಕೆ ಕೂಡ.
ಆಮೇಲೆ ಬಾಯಿ ಸೊಟ್ಟಗಾಯಿತು.
ಆಮೇಲೆ ಇಡೀ ಮನುಷ್ಯ.

ಕುಡಿತ? ಇಲ್ಲ. ಜ್ವರ? ಇಲ್ಲ.
ತಲೆಗೆ ಪೆಟ್ಟು?
ಆಂಟ್ಸಿರಾಬೆಯ ಬೀದಿಗಳಲ್ಲಿ ಇಪ್ಪತ್ತು ವರ್ಷ ರಿಕ್ಷಾ ಎಳೆದವನು,
ಬೇಕಾದರೆ ಮಂಡಿ ನೋಡಿ, ತಲೆ ಜೋಪಾನವಾಗಿದೆ.
ಪಿತೃಗಳ ಮುನಿಸು, ಎಂದಳು ಅತ್ತೆ.
ಡಾಕ್ಟರು ಅದನ್ನೂ ಬರೆದುಕೊಂಡರು.

ಸ್ಕ್ಯಾನಿಗೆಂದು ಎತ್ತು ಮಾರಿದೆವು.
ಬೂದು ಚಿತ್ರದ ಬಲಮಗ್ಗುಲಲ್ಲಿ
ಒಂದು ಅಕ್ಕಿಕಾಳು, ಅಷ್ಟೆ.
"ಹಂದಿಯ ಲಾಡಿಹುಳ. ಅದರ ಮರಿ."

ಅತ್ತೆ ಎದ್ದೇ ನಿಂತಳು:
ನಮ್ಮ ಕುಲಕ್ಕೆ ಹಂದಿ ನಿಷಿದ್ಧ,
ಏಳು ತಲೆಮಾರಿನಿಂದ ಒಂದು ನಾಲಿಗೆಗೂ ತಾಗಿಲ್ಲ!

"ತಲೆಗೆ ಇದು ಮಾಂಸದಿಂದ ಹತ್ತುವುದಲ್ಲ, ಅಜ್ಜಿ.
ಹುಳ ಇನ್ನೊಬ್ಬರ ಹೊಟ್ಟೆಯಲ್ಲಿ ಸುಮ್ಮನಿರುತ್ತದೆ,
ಮೊಟ್ಟೆ ಕೈಗೆ ಬಂದು, ಕೈಯಿಂದ ಊಟಕ್ಕೆ.
ಮನೆಯಲ್ಲಿ ಅಡುಗೆ ಯಾರದು?"

ಬೆರಳುಗಳನ್ನು ಶಾಲಿನೊಳಗೆ ಎಳೆದುಕೊಂಡೆ.
ನನ್ನ ತವರಲ್ಲಿ ಹಂದಿ ನಿಷಿದ್ಧವಲ್ಲ.
ವರ್ಷಕ್ಕೊಮ್ಮೆ ಹೋದಾಗ ಅಮ್ಮ ಬಡಿಸುತ್ತಾಳೆ,
ಬಾಯಿ ಮುಕ್ಕಳಿಸಿ, ಲವಂಗ ಜಗಿದು, ಬಸ್ಸು ಹತ್ತುತ್ತೇನೆ.
ಬಾಯಿಯೊಂದನ್ನೇ ತೊಳೆದಿದ್ದೆ.

ಸೊಲೊಫೊ ನನ್ನತ್ತ ತಿರುಗಿ ಹಲ್ಲು ಕಿರಿದ,
ಇನ್ನೂ ತೊದಲುವ ನಾಲಿಗೆಯಲ್ಲಿ:
"ಇವಳದೇ ಡಾಕ್ಟರೇ. ಸೊಪ್ಪಿನ ಸಾರು,
ಒಮ್ಮೆ ನೀವೂ ಬರಬೇಕು."

ಅವರು ಚೀಟಿ ತಿರುಗಿಸಿ
ನನ್ನ ಹೆಸರು ಕೇಳಿ ಬರೆದರು.
ಮುಚ್ಚಳದ ಪುಟ್ಟ ಡಬ್ಬಿಯೊಂದನ್ನು ಕೊಟ್ಟು
ನಾಳೆ ಬೆಳಿಗ್ಗೆ ತನ್ನಿ, ಅಂದರು,
ಮೆಲ್ಲಗೆ, ಅತ್ತೆಗೆ ಕೇಳಿಸದಂತೆ.