ತುರಾಯಿಗೆ ಹಬೆ

ಹಾರ್ಲಿಕ್ಸ್ ಬಾಟಲಿಯ ತಳಕ್ಕೆ ಹನ್ನೆರಡು ಕಾಳುಮೆಣಸು ಹಾಕಿ
ನಿಲ್ಲಿಸಿಟ್ಟಿದ್ದೇನೆ ಇವರ ಟೋಪಿಯ ತುರಾಯಿ.
ಕೆಂಪು; ತುದಿಗೆ ಮಾತ್ರ ಒಂದು ಬೆರಳು ಬಿಳಿ.
ಯಾವ ಹಕ್ಕಿಯದು ಎಂದು ಕೇಳಿದ್ದೆ, ಮದುವೆಯಾದ ವರ್ಷ.
‘ಸರ್ಕಾರದ್ದು’ ಅಂದರು.

ಪೊನ್ನಂಪೇಟೆಯ ದನದಾಸ್ಪತ್ರೆಯಲ್ಲಿ ಹತ್ತು ತಿಂಗಳು ಕಂಪೌಂಡರು,
ಇನ್ನೆರಡು ತಿಂಗಳು ಸಿಪಾಯಿ.
ಲಕೋಟೆ ಬಂದ ಸಂಜೆ
ಬೆರಳಿನ ಅಯೋಡಿನ್ ಕಲೆಗೆ ನಿಂಬೆಹೋಳು ಉಜ್ಜುತ್ತಾ
ಹಿತ್ತಲಲ್ಲಿ ಎಡ-ಬಲ, ಎಡ-ಬಲ.
ಕೋಳಿಗಳು ದಾರಿ ಬಿಡುತ್ತಿದ್ದವು.

ಮುದುಡಿದ ಗರಿ ಬಿಚ್ಚಿಕೊಳ್ಳಲು ಹಬೆ ಬೇಕು.
ಕಡಂಬುಟ್ಟಿನ ಪಾತ್ರೆಯ ಮುಚ್ಚಳ ಓರೆ ಮಾಡಿ
ಹಿಡಿಯುತ್ತಿದ್ದೆ, ತಿರುಗಿಸಿ ತಿರುಗಿಸಿ,
ಮಿಂದ ಕೂಸಿನ ತಲೆಗೆ ಸಾಂಬ್ರಾಣಿ ಹಿಡಿದ ಹಾಗೆ.
ಒಂದೊಂದೇ ಎಳೆ ಎದ್ದು ನಿಲ್ಲುತ್ತಿತ್ತು.
ಪೆರೇಡಿನಲ್ಲಿ ಹಿಂದಿನ ಸಾಲಿನವನು ಪಿಸುಗುಟ್ಟಿದನಂತೆ:
‘ಪಳಂಗಪ್ಪಾ, ಎಲ್ಲಿಂದಲೋ ಅಕ್ಕಿ ಬೆಂದ ವಾಸನೆ!’

ಒಮ್ಮೆ ಮಾತ್ರ ಎರಡು ತಿಂಗಳು ಹನ್ನೊಂದಾಯಿತು.
ಗಡಿಯಲ್ಲಿ ಗುಂಡು; ಇವರ ಪಾಲಿಗೆ ಸಿಕ್ಕಿದ್ದು
ಯಾವುದೋ ಒಣನಾಡಿನ ರೈಲು ಸೇತುವೆ.
ಶತ್ರು ಬರಲಿಲ್ಲ.
ಕಂಬಿಯ ಪಕ್ಕ ಈದ ಆಡಿಗೆ ಸೂಲಗಿತ್ತಿ ಇವರೇ.
ಅದೊಂದನ್ನು ಹೇಳುವಾಗ ಈಗಲೂ ನಗುತ್ತಾರೆ.

ಒಂದು ಕೈಲ್‌ಪೊದ್ ದಿನ, ಕೋವಿಗಳ ಸಾಲಿನಲ್ಲಿ,
ತೋಕ್‌ಪೂವಿನ ಪಕ್ಕ ಈ ಬಾಟಲಿ ಇಟ್ಟಿದ್ದರು.
ಭಾವ ಸುಬೇದಾರರು, ಇಪ್ಪತ್ತೆಂಟು ವರ್ಷ ಪಲ್ಟನ್ನಿನಲ್ಲೇ ಕಳೆದವರು,
ಏನೂ ಅನ್ನದೆ ಅದನ್ನು ಕಿಟಕಿಗೆ ಸರಿಸಿದರು.
ಇವರೂ ಏನೂ ಅನ್ನಲಿಲ್ಲ.
ನಾನು ಪಂದಿಕರಿಗೆ ಎರಡು ಸಲ ಉಪ್ಪು ಹಾಕಿದೆ.

ಬಿಡುಗಡೆಯ ದಿನ ಸ್ಟೋರಿನ ಗುಮಾಸ್ತ ಪಟ್ಟಿ ಓದಿದ:
ಬೂಟು ಒಂದು ಜೊತೆ, ಬೆಲ್ಟು, ಕಂಬಳಿ, ತುರಾಯಿ.
‘ತುರಾಯಿ ಕಳೆದುಹೋಗಿದೆ’ ಅಂದರಂತೆ.
ನನಗೆ ಗೊತ್ತಿರುವಂತೆ ಇವರು ಆಡಿದ ಒಂದೇ ಸುಳ್ಳು.
ದಂಡ ಎಂಬತ್ತನಾಲ್ಕು ರೂಪಾಯಿ.
ರಸೀದಿ ಬಾಟಲಿಯೊಳಗೇ ಸುರುಳಿ ಸುತ್ತಿಕೊಂಡಿದೆ.

ಲೆಕ್ಕ ಹಾಕಿದ್ದೇನೆ ನಾನು.
ಇಪ್ಪತ್ತೆರಡು ವರ್ಷ, ವರ್ಷಕ್ಕೆ ಎರಡು ತಿಂಗಳು,
ಸೇತುವೆಯ ಹೆಚ್ಚುವರಿ ಒಂಬತ್ತನ್ನೂ ಸೇರಿಸಿದರೆ
ಪೂರಾ ಐದು ವರ್ಷವೂ ಆಗುವುದಿಲ್ಲ.
ಬಾಗಿಲ ಹಿಂದಿನ ಟ್ರಂಕಿಗೆ ಮಾತ್ರ
ಅಷ್ಟೂ ವರ್ಷ ಬೀಗ ಹಾಕಿರಲಿಲ್ಲ.

ಈ ಸಲ ತಿಂಗಳು ಬಂತು, ಲಕೋಟೆ ಬರಲಿಲ್ಲ.
ಬೆಳಿಗ್ಗೆ ಎದ್ದು ನೋಡಿದರೆ ಒಲೆಯ ಮುಂದೆ ಇವರು,
ಕನ್ನಡಕದ ತುಂಬ ಹಬೆ, ಕೈಯಲ್ಲಿ ಗರಿ.
‘ಅಷ್ಟು ಹತ್ತಿರ ಹಿಡೀಬೇಡಿ, ಬಣ್ಣ ಬಿಡುತ್ತೆ’ ಅಂದೆ.
ಸ್ವಲ್ಪ ಮೇಲೆ ಎತ್ತಿದರು.