ಕಣ್ಣು ಬಿಟ್ಟ ಮೇಲೆ

ಹದಿನೇಳನೆಯ ದಿನ ಕೇಟಿಲ್ ಕಣ್ಣು ಬಿಟ್ಟ.
ನಾನು ಆಕುರೇರಿಯ ಆಸ್ಪತ್ರೆಯಿಂದ ಮರಳುವಷ್ಟರಲ್ಲಿ
ಸುದ್ದಿ ಹೂಸಾವೀಕಿನ ಬೇಕರಿಗೆ ತಲುಪಿತ್ತು.
ಬ್ರೆಡ್ಡಿನ ಜೊತೆ ಒಂದು ದಾಲ್ಚಿನ್ನಿ ಸುರುಳಿಯನ್ನು
ಲೆಕ್ಕಕ್ಕೆ ಹಿಡಿಯದೆ ಕೊಟ್ಟಳು ಅಂಗಡಿಯವಳು:
"ತಮ್ಮ ಎದ್ದನಂತಲ್ಲ!"

ಎದ್ದಿರಲಿಲ್ಲ.
ಕಣ್ಣು ಬಿಟ್ಟಿದ್ದ, ಅಷ್ಟೆ.
ಎರಡರ ನಡುವೆ ಎಷ್ಟು ಸಮುದ್ರವಿದೆಯೆಂದು
ಸುರುಳಿ ತಿಂದು ಬೆರಳು ನೆಕ್ಕುವಾಗ ನನಗೂ ಗೊತ್ತಿರಲಿಲ್ಲ.

ಊರ ಈಜುಕೊಳದ ಬದಿಗೆ ಬಿಸಿನೀರ ತೊಟ್ಟಿ.
ಕೊರಳವರೆಗೆ ಮುಳುಗಿ, ಉಣ್ಣೆಟೊಪ್ಪಿಗೆ ಮೇಲೆ ಹಿಮ ಬೀಳಿಸಿಕೊಳ್ಳುತ್ತ
ಅಲ್ಲಿ ಕೂತವರಿಗೆಲ್ಲ ಮೆದುಳಿನ ವಿಷಯ ಗೊತ್ತು.
ಹಾಫ್‌ಸ್ಟೇನ್ ಅಂದ, ಕೋಮಾ ಅಂದರೆ ನಿದ್ದೆ, ಸ್ವಲ್ಪ ಆಳ,
ಯಾವುದೋ ಸಿನಿಮಾದಲ್ಲಿ ಒಬ್ಬಳು
ಹತ್ತೊಂಬತ್ತು ವರ್ಷಕ್ಕೆ ಎದ್ದು ನೀರು ಕೇಳಿದಳು.
ಶಾಲೆಯ ಅಡುಗೆಯವಳು ಅಂದಳು,
ಮೆದುಳು ಸತ್ತರೆ ಸತ್ತ ಹಾಗೇ,
ಮತ್ತೆ ಅವನ ಕೆನ್ನೆ ಯಾಕೆ ಕೆಂಪಗಿದೆ?
ಇಬ್ಬರೂ ಬೇರೆ ಬೇರೆ ಮನುಷ್ಯರ ಕತೆ ಹೇಳುತ್ತಿದ್ದರು.
ನನ್ನ ತಮ್ಮ ಆ ಇಬ್ಬರಲ್ಲಿ ಒಬ್ಬನೂ ಅಲ್ಲ.
ಹೇಳೋಣವೆಂದು ಬಾಯಿ ತೆರೆದೆ,
ಗಂಧಕದ ಆವಿ ಒಳಗೆ ಹೋಯಿತು.

ಆರು ತಿಂಗಳು.
ಹಗಲಾದರೆ ಕಣ್ಣು ಬಿಡುತ್ತಾನೆ, ರಾತ್ರಿ ಮುಚ್ಚುತ್ತಾನೆ,
ಆಕಳಿಸುತ್ತಾನೆ, ಒಮ್ಮೊಮ್ಮೆ ನಕ್ಕ ಹಾಗೆ ತುಟಿ.
ಆ ತುಟಿಗಾಗಿ ಅವನ ಹೆಂಡತಿ ಇರ್ಸಾ
ಎಪ್ಪತ್ತಾರು ಕಿಲೋಮೀಟರ್ ಹಿಮದಲ್ಲಿ ಗಾಡಿ ಓಡಿಸುತ್ತಾಳೆ.

ಡಾಕ್ಟರ್ ಸೋಲ್ರೂನ್ ಕೇಳಿದಳು,
"ನಿಮ್ಮ ಮನೆಯಿಂದ ದೀಪಸ್ತಂಭ ಕಾಣುತ್ತದಾ?"
ಕಾಣುತ್ತದೆ.
"ದೀಪ ಕಾಯುವವನು?"
ಅಜ್ಜನ ಕಾಲದಲ್ಲೇ ಹೋದ.
"ಆದರೂ ಸಂಜೆಗೆ ಹೊತ್ತಿಕೊಳ್ಳುತ್ತದೆ ಅಲ್ಲವಾ."

ಯಾರೂ ಮಾತಾಡಲಿಲ್ಲ. ಆಮೇಲೆ ಇರ್ಸಾ:
"ಒಳಗೆ ಯಾರೂ ಇಲ್ಲ ಅಂತ ಖಾತ್ರಿಯಾ?"
"ಐದು ಸಲ ಬಾಗಿಲು ಬಡಿದಿದ್ದೇವೆ.
ಕನ್ನಡಿ ಹಿಡಿದು ಅತ್ತಿತ್ತ ಆಡಿಸಿದೆವು. ಹೆಸರು ಹಿಡಿದು ಕರೆದೆವು.
ಯಂತ್ರದೊಳಗೆ ಮಲಗಿಸಿ,
ದೋಣಿಗೆ ಹುಟ್ಟು ಹಾಕುತ್ತಿದ್ದೇನೆ ಅಂದುಕೊ, ಅಂದೆವು.
ಉತ್ತರ ಬರಲಿಲ್ಲ.
ಖಾತ್ರಿ ಎಂಬ ಪದ ನಾನು ಬಳಸುವುದಿಲ್ಲ."
ಆ ಕೊನೆಯ ಮಾತಿಗೇ ನಾನು ಅವಳನ್ನು ನಂಬಿದ್ದು.

ಅವನು ಕಾಗದದಲ್ಲಿ ಏನೂ ಬರೆದಿಟ್ಟಿರಲಿಲ್ಲ.
ಒಂದು ಸಲ ಕಾಡ್ ಮೀನಿನ ಕರುಳು ತೆಗೆಯುತ್ತಿದ್ದಾಗ
ರೇಡಿಯೋದಲ್ಲಿ ಯಾರದೋ ಇಂಥದೇ ಸುದ್ದಿ ಬಂದಿತ್ತು.
ಚಾಕು ಎತ್ತಿ ಅಂಗಳದ ಒಣಮೀನಿನ ಸಾಲು ತೋರಿಸಿ,
"ನನ್ನನ್ನು ಹಾಗೆ ನೇತುಹಾಕಬೇಡಿ ಮಾರಾಯ್ರೇ" ಅಂದಿದ್ದ.
ನಾವು ನಕ್ಕಿದ್ದೆವು.
ಆ ನಗುವಿನ ಕೆಳಗೆ ಈಗ ಸಹಿ ಮಾಡಬೇಕಿತ್ತು.

ಮೂರನೆಯ ಸಲ ನ್ಯುಮೋನಿಯಾ ಬಂದಾಗ
ಔಷಧ ಬೇಡ ಎಂದೆವು.
ನೋವಿಗೆ ಮಾತ್ರ, ಉಸಿರು ಏದುವುದಕ್ಕೆ ಮಾತ್ರ.
ನರ್ಸು ಒದ್ದೆ ಸ್ಪಂಜಿನ ಕಡ್ಡಿ ಕೊಟ್ಟು ತುಟಿ ಒರೆಸುವುದು ಕಲಿಸಿದಳು.
ನಾನು ಕಾಫಿಯಲ್ಲಿ ಅದ್ದಿದೆ. ಅವಳು ನೋಡಿಯೂ ಸುಮ್ಮನಿದ್ದಳು.

"ಕೈಬಿಟ್ಟರಂತೆ" ಅಂದಿತು ತೊಟ್ಟಿ.

ಬಿಡುವುದು ಎಂಬ ಒಂದೇ ಮಾತನ್ನು
ಎಷ್ಟಕ್ಕೆಲ್ಲ ಹೊರಿಸುತ್ತೇವೆ.
ಕಣ್ಣು ಬಿಡುವುದು, ಉಸಿರು ಬಿಡುವುದು,
ಹಗ್ಗ ಬಿಚ್ಚಿ ದೋಣಿಯನ್ನು ನೀರಿಗೆ ಬಿಡುವುದು.
ಕೈ ಮಾತ್ರ ಬಿಟ್ಟಿರಲಿಲ್ಲ.
ಆರು ದಿನ, ಎಡಗೈ ಇರ್ಸಾಳ ಹತ್ತಿರ,
ಬಲಗೈ, ಗಾಳದ ಗಾಯದ ಕಲೆಯಿರುವುದು, ನನ್ನ ಹತ್ತಿರ.
ಏಳನೆಯ ಬೆಳಗ್ಗೆ ಅದು ನನ್ನ ಬೆರಳಿಗಿಂತ ತಣ್ಣಗಾಗಿತ್ತು.

ಅವನು ಕೇಳಿಸಿಕೊಂಡನೋ ಇಲ್ಲವೋ.
ಈ ಪ್ರಶ್ನೆ ನನ್ನ ಜೊತೆ ಬಸ್ಸು ಹತ್ತುತ್ತದೆ, ಇಳಿಯುತ್ತದೆ.

ಚಳಿಗಾಲ ಕಳೆದು ಮತ್ತೆ ತೊಟ್ಟಿಗೆ ಹೋದೆ.
ಎಲ್ಲರೂ ಎದ್ದು ಹೋದ ಮೇಲೂ ಹಾಫ್‌ಸ್ಟೇನ್ ಉಳಿದ.
ಬೆರಳತುದಿ ಸುಕ್ಕುಗಟ್ಟುವಷ್ಟು ಹೊತ್ತು ಕೂತು
ನೀರನ್ನೇ ನೋಡುತ್ತ ಕೇಳಿದ,
"ನಾನಾದರೆ ಇದನ್ನು ಯಾರಿಗೆ ಹೇಳಿಡಬೇಕು?"
ಹೆಂಡತಿಗೆ ಹೇಳು ಅಂದೆ.
"ನಗುತ್ತಾಳೆ."
ನಗುತ್ತಾಳೆ.
ಬಿಡಬೇಡ.