ಅಪರೂಪ

ಬೆಳಗ್ಗೆ ಆರಕ್ಕೆ ಕುಂಬಳೆಯ ಮೀನುಪೇಟೆಯಲ್ಲಿ
ಅದ್ಲಿಚ್ಚ ಮಂಜುಗಡ್ಡೆ ಒಡೆದು ನನ್ನ ಡಬ್ಬಿಗೆ ತುಂಬುತ್ತಾನೆ.
ದುಡ್ಡು ತೆಗೆದುಕೊಳ್ಳುವುದಿಲ್ಲ.
"ಬಂಗುಡೆಗಿಂತ ಬೇಗ ಕೆಡುವುದು ಎಂತ ಉಂಟು ಮಾರಾಯ ಅದರಲ್ಲಿ?"
ರಕ್ತ, ಎಂದೆ. ರಕ್ತದೊಳಗೊಂದು ಪ್ರೋಟೀನು,
ಸೆಕೆ ತಾಗಿದರೆ ತಾನಾಗಿ ಚೂರಾಗುತ್ತದೆ.
ಇನ್ನೊಂದು ಹಿಡಿ ಹಾಕಿದ. ಉಪ್ಪು ಚೆಲ್ಲಲು ಬಂದ ಕೈ ತಡೆದೆ:
ಅಷ್ಟು ತಂಪೂ ಆಗದು, ಗಟ್ಟಿಯಾದರೆ ರಕ್ತ ಒಡೆಯುತ್ತದೆ.

ಕೊಯಿಪ್ಪಾಡಿಯಲ್ಲಿ ಗುಲಾಬಿ ಕರ್ಕೇರರ ಮನೆ.
ಕೊರಳಿನ ಗೆರೆಯ ಮೇಲೆ ಕರಿಮಣಿ ನೆಟ್ಟಗೆ ಕೂರುವುದಿಲ್ಲ ಈಗ;
ಮಾತಿನ ನಡುವೆ ಎರಡು ಬೆರಳಲ್ಲಿ ಎತ್ತಿ ಎತ್ತಿ ಇಡುತ್ತಾರೆ.
ಥೈರಾಯ್ಡು ಪೂರ್ತಿ ತೆಗೆದಾಗಿದೆ.
ಸೊನ್ನೆಗೆ ಇಳಿಯಬೇಕಿದ್ದ ಅಂಕೆ
ಹೋದ ವರ್ಷ ಹನ್ನೆರಡು, ಈ ಸಲ ನಲವತ್ತೊಂದು.
ಬ್ರಾಂಚು ಮುಚ್ಚಿ ಬೀಗ ಜಡಿದ ಮೇಲೂ
ಎಲ್ಲೋ ಕೂತು ಯಾರೋ ಕಟ್ಟುತ್ತಲೇ ಇದ್ದಾರೆ ಬೀಡಿ.
ಸ್ಕ್ಯಾನಿನಲ್ಲಿ ಯಾರೂ ಕಾಣುವುದಿಲ್ಲ.

"ಅಂಕೆ ಹೇಳುತ್ತೀರಿ, ಜಾಗ ಹೇಳುವುದಿಲ್ಲ" ಎಂದರು.
ಜಗಳದ ದನಿಯಲ್ಲಲ್ಲ,
ಬಾಕಿ ಚಿಲ್ಲರೆ ಕೇಳುವ ಹಾಗೆ.

ಮಂಗಳೂರಿನ ಲ್ಯಾಬಿನಲ್ಲಿ ಡಾಕ್ಟರ್ ಶಹನಾಜ್
ಬೇರೊಂದನ್ನು ಹುಡುಕುತ್ತಿದ್ದಾರೆ, ಹೆಸರಿಲ್ಲದ್ದು,
ಇದಕ್ಕಿಂತ ಮೊದಲೇ ಏಳುವಂಥದ್ದು.
ಪರದೆಯ ತುಂಬ ಎರಡು ಸಾವಿರ ಮುಳ್ಳು;
ಅದರಲ್ಲೊಂದು, ಎಡದಿಂದ ನಾನೂರ ಹದಿನೇಳನೆಯದು,
ಹನ್ನೊಂದು ಜನರಲ್ಲಿ ನಾಲ್ವರಿಗೆ ಉದ್ದ.
"ಹನ್ನೊಂದರಿಂದ ಏನೂ ಹೇಳಲಾಗದು. ನೂರು ಬೇಕು."
ನೂರು ಎಲ್ಲಿಂದ ತರಲಿ?
ತಲಪಾಡಿಯಿಂದ ಚಂದ್ರಗಿರಿ ಹೊಳೆಯವರೆಗೆ
ನನಗೆ ಗೊತ್ತಿರುವುದು ಮೂರು ಮನೆ.
ಫಾರ್ಮಿನಲ್ಲಿ ಮಲಯಾಳ, ನಳಿಗೆಯ ಚೀಟಿಯಲ್ಲಿ ಕನ್ನಡ,
ಗುಲಾಬಿಯಕ್ಕನ ತಾಯಿ ಸತ್ತದ್ದು ತುಳುವಿನಲ್ಲಿ.
ಕೆಕ್ಕಿಲ್ದ ಸೀಕ್ ಅಂದಿದ್ದರಂತೆ, ಅಷ್ಟೆ.
ಅವರನ್ನು ಯಾವ ಪಟ್ಟಿಗೂ ಸೇರಿಸಲಾಗದು.

ಈ ಸಲ ಮಗಳದ್ದೂ ಬೇಕು. ಪ್ರಣಮ್ಯ, ಹದಿನಾರು.
ಟ್ಯೂಷನ್ನಿಗೆ ಹೊರಟವಳು ಬ್ಯಾಗು ಬೆನ್ನಲ್ಲಿಟ್ಟುಕೊಂಡೇ ತೋಳು ಚಾಚಿದಳು.
ಸೂಜಿ ನೋಡಲಿಲ್ಲ, ಡಬ್ಬಿ ನೋಡಿದಳು:
"ಇದೆಂತ, ಬೂತಾಯಿ ವಾಸನೆ!"
ನಗುವಾಗ ಕೊರಳು ಒಮ್ಮೆ ಮೇಲೇರಿ ಕೆಳಗಿಳಿಯಿತು.
ನಾನು ನೋಡಬಾರದಿತ್ತು. ನೋಡಿದೆ.
ತಾಯಿಯೂ ನೋಡಿದ್ದರು.

ಹೊರಟಾಗ ಬಾಗಿಲಿಗೆ ಅಡ್ಡ ನಿಂತರು:
"ಅಪರೂಪಕ್ಕೆ ಬಂದದ್ದಲ್ವಾ, ಚಾ ಕುಡಿದು ಹೋಗಿ."
ವರದಿಯಲ್ಲೂ ಇದೇ ಪದ ಉಂಟು: ಅಪರೂಪದ ಬಗೆ.
ನೆಂಟರಿಗೆ ಹೇಳುವ ಮಾತನ್ನು
ಯಾರು ಕೊಂಡುಹೋಗಿ ಅಲ್ಲಿ ಇಟ್ಟರೋ.
ರೈಲು ಏಳೂ ನಲವತ್ತಕ್ಕೆ. ಮಂಜು ಕರಗುತ್ತಿತ್ತು.
ನಿಂತುಕೊಂಡೇ ಕುಡಿದೆ, ನಾಲಗೆ ಸುಟ್ಟಿತು.

ಮಂಜೇಶ್ವರ ದಾಟುವಾಗ
ಡಬ್ಬಿಯ ತಂಪು ಪ್ಯಾಂಟಿನೊಳಗೆ ಇಳಿದು ಮೊಣಕಾಲು ಜುಮ್ಮೆಂದಿತು.
ಎದುರಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿ ಕೇಳಿದಳು,
ಯಾವ ಮೀನು?
ಹನ್ನೆರಡನೆಯದು, ಎಂದೆ.